ಲ್ಯಾಬ್‌ನಲ್ಲಿ ಸಿಕ್ಕ ರಾಮಚಂದ್ರನ್

ಕಳೆದ ಸೆಮಿಸ್ಟರ್ ಇಮೇಜ್ ಪ್ರೊಸೆಸಿಂಗ್ ಲ್ಯಾಬ್‌ನಲ್ಲಿ ಮ್ಯಾಟ್‌ಲ್ಯಾಬ್‌ನ ಐರೇಡಾನ್ ಫಂಕ್ಷನ್ ಓಡಿಸ್ತಾ ಇದ್ವಿ. ಯಾವ ಫಿಲ್ಟರ್ ಅಂತ ನಾವು ಹೇಳದಿದ್ರೆ ಅದೇ ಒಂದನ್ನು ಹಾಕಿಕೊಳ್ಳುತ್ತದೆ. ಅದರ ಹೆಸರು ರಾಮ್-ಲ್ಯಾಕ್. ನಮ್ಮ ಬ್ಯಾಚಿನ ಅರ್ಧ ಜನ ಇದು ಕಂಪ್ಯೂಟರ್ ಮೆಮೊರಿಯ ರ್‍ಯಾಮ್ ಇರಬೇಕು ಅಂದುಕೊಂಡಿದ್ದೆವು. ಅಲ್ಲವಂತೆ. ರಾಮ್ ಅಂದ್ರೆ ಜಿ. ಎನ್. ರಾಮಚಂದ್ರನ್, ಲ್ಯಾಕ್ ಅಂದ್ರೆ ಅವರ ಜೊತೆ ಕೆಲಸ ಮಾಡಿದ ಎ. ವಿ. ಲಕ್ಷ್ಮೀನಾರಾಯಣನ್.

ರಾಮಚಂದ್ರನ್ ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಎರ್ನಾಕುಲಂನಲ್ಲಿ. ತಂದೆ ಗಣಿತದ ಪ್ರಾಧ್ಯಾಪಕರು. ತಿರುಚಿರಾಪಳ್ಳಿಯಲ್ಲಿ ಭೌತಶಾಸ್ತ್ರ ಓದಿ, 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಸೇರಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗಿಗೆ! ಅಲ್ಲಿ ಸಿ. ವಿ. ರಾಮನ್ ಕಣ್ಣಿಗೆ ಬಿದ್ದರು, ರಾಮನ್ ಹುಡುಗನನ್ನು ಭೌತಶಾಸ್ತ್ರಕ್ಕೆ ಎಳೆದುಕೊಂಡರು. ಇ.ಇ. ಬ್ರಾಂಚಿನವರಿಗೆ ಇದು ನಷ್ಟವೋ ಲಾಭವೋ, ನಾವು ಹೇಳಲಾರೆವು.

ಮುಂದೆ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ., ಮೂವತ್ತು ತುಂಬುವಷ್ಟರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರು. ಅಲ್ಲಿ ಗೋಪಿನಾಥ್ ಕರ್ತಾ ಜೊತೆ ಸೇರಿ, ಚರ್ಮ ಮತ್ತು ಸ್ನಾಯುರಜ್ಜುಗಳಲ್ಲಿರುವ ಕೊಲಾಜೆನ್ ಮೂರು ಎಳೆಯ ಹಗ್ಗದ ಹಾಗೆ ಹೊಸೆದುಕೊಂಡಿದೆ ಅಂತ ತೋರಿಸಿದರು. 1963ರಲ್ಲಿ ಇನ್ನಿಬ್ಬರೊಡನೆ ಪ್ರಕಟಿಸಿದ ರಾಮಚಂದ್ರನ್ ಪ್ಲಾಟ್ ಬಯೋಟೆಕ್ ಗೆಳೆಯರಿಗೆಲ್ಲ ಗೊತ್ತು. ಪ್ರೋಟೀನ್ ಸರಪಳಿ ಯಾವ ಕೋನಗಳಲ್ಲಿ ತಿರುಗಬಹುದು, ಯಾವುದರಲ್ಲಿ ಆಗದು ಅನ್ನೋ ನಕ್ಷೆ ಅದು. ನಮ್ಮ ರಾಮನಗರದ ಗೂಡಿನ ಮಾರುಕಟ್ಟೆಗೆ ಬರುವ ರೇಷ್ಮೆಯೂ ಪ್ರೋಟೀನೇ. ಅದಕ್ಕೆ ಆ ನಕ್ಷೆಯ ಎಡ ಮೇಲ್ಭಾಗದಲ್ಲಿ ಜಾಗ.

ನಮಗೆ ಬೇಕಾದ ಕತೆ ಶುರುವಾಗೋದು 1971ರಲ್ಲಿ. ಆಗ ಅವರು ವಿಜ್ಞಾನ ಸಂಸ್ಥೆಗೆ ಮರಳಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟುತ್ತಿದ್ದರು. ಚಪ್ಪಟೆ ಚಿತ್ರಗಳಿಂದ ಮೂರು ಆಯಾಮದ ವಸ್ತುವನ್ನು ಮತ್ತೆ ಕಟ್ಟೋದು ಹೇಗೆ ಅನ್ನೋದು ಪ್ರಶ್ನೆ. ಚನ್ನಪಟ್ಟಣದ ಒಂದು ಮರದ ಬೊಂಬೆಯೊಳಗೆ ಮಣಿ ಸಿಕ್ಕಿಕೊಂಡಿದೆ ಅನ್ನಿ. ಒಂದು ಕಡೆಯಿಂದ ಎಕ್ಸ್-ರೇ ತೆಗೆದರೆ ನೆರಳುಗಳೆಲ್ಲ ಒಂದರ ಮೇಲೊಂದು ಬೀಳುತ್ತವೆ. ಬೊಂಬೆಯನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಎಲ್ಲ ಕಡೆಯ ನೆರಳನ್ನೂ ವಾಪಸ್ ಹರಡಿ ಕೂಡಿಸಿದರೆ ಮಣಿ ಸಿಗುತ್ತದೆ, ಆದರೆ ಸುತ್ತ ಮಂಜು ಕವಿದ ಹಾಗೆ. ಫೂರಿಯೆ ಪರಿವರ್ತನೆಯಿಂದ ಆ ಮಂಜು ತೆಗೀಬಹುದಿತ್ತು, ಆದರೆ ಅಂದಿನ ಕಂಪ್ಯೂಟರಿಗೆ ಅದು ಭಾರದ ಕೆಲಸ.

ಇಬ್ಬರೂ ಕಂಡುಕೊಂಡ ದಾರಿ ಸರಳ. ಹರಡುವ ಮುಂಚೆಯೇ ಪ್ರತಿ ನೆರಳನ್ನೂ ಒಂದು ಸಣ್ಣ ಸಂಖ್ಯಾಸಾಲಿನ ಜೊತೆ ಕನ್ವಲ್ಯೂಷನ್ ಮಾಡಿಬಿಡಿ. ನಡುವಿನ ಸಂಖ್ಯೆ 1 ಅಂತಿಟ್ಟರೆ ಅಕ್ಕಪಕ್ಕದ್ದು ಸುಮಾರು ಮೈನಸ್ 0.405, ಅದರಾಚೆಯದು ಸೊನ್ನೆ, ಅದರಾಚೆಯದು ಮೈನಸ್ 0.045. ಸಮಸಂಖ್ಯೆಯ ಜಾಗಗಳೆಲ್ಲ ಸೊನ್ನೆ, ಅಂದ್ರೆ ಗುಣಾಕಾರ ಅರ್ಧ ಉಳೀತು. ಇದೇ ಜಾಡಿನ ಲೆಕ್ಕವನ್ನು ರೇಡಿಯೋ ಖಗೋಳದಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ 1967ರಲ್ಲೇ ಮಾಡಿದ್ದರು, ಅದನ್ನೂ ಹೇಳಬೇಕು. ಅದೇ 1971ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಹೌನ್ಸ್‌ಫೀಲ್ಡ್‌ನ ಯಂತ್ರ ಮೊದಲ ರೋಗಿಯ ಮೆದುಳನ್ನು ಸಿ.ಟಿ.ಯಲ್ಲಿ ತೋರಿಸಿತು. ಆ ಯಂತ್ರ ಸಾವಿರಾರು ಸಮೀಕರಣಗಳನ್ನು ಒದ್ದಾಡಿ ಬಿಡಿಸುತ್ತಿತ್ತು. ನಂತರದ ಸಿ.ಟಿ. ಯಂತ್ರಗಳು ಫಿಲ್ಟರ್ ಹಾಕಿ ಹರಡುವ ದಾರಿಗೇ ಬಂದವು, ದಶಕಗಳ ಕಾಲ ಅದರಲ್ಲೇ ನಡೆದವು.

ಇದೆಲ್ಲ ನಮಗೆ ಬರೀ ಲ್ಯಾಬ್ ರೆಕಾರ್ಡ್ ಆಗಿ ಉಳಿಯಲಿಲ್ಲ. ಮಾಗಡಿ ಕಡೆಯ ನಮ್ಮ ಗೆಳತಿಯ ಅಕ್ಕನ ಮಗು ಮೂರು ವಾರದ್ದಿರುವಾಗ ಹಾಲು ಕುಡಿಯೋದು ಬಿಟ್ಟಿತು, ಫಿಟ್ಸ್ ಬಂತು. ಅಜ್ಜಿ ಎಣ್ಣೆ ಹಾಕುವಾಗ ಕೈಗೆ ಮೆತ್ತಗೆ ಸಿಗುತ್ತಿದ್ದ ನೆತ್ತಿ ಉಬ್ಬಿ ಬಿಗಿಯಾಗಿತ್ತು. ಬೆಂಗಳೂರಿಗೆ ಓಡಿದರು. ಬ್ಯಾಕ್ಟೀರಿಯಾದಿಂದ ಮೆದುಳಿನ ಪೊರೆಗೆ ಸೋಂಕು. ಅದನ್ನು ಖಚಿತಪಡಿಸೋದು ಸ್ಕ್ಯಾನ್ ಅಲ್ಲ, ಬೆನ್ನಿನಿಂದ ತೆಗೆಯುವ ನೀರು. ಆಂಟಿಬಯೋಟಿಕ್ ಶುರುವಾದ ಮೇಲೂ ಜ್ವರ ಇಳಿಯದಿದ್ದಾಗ, ಒಳಗೆ ಕೀವು ಕಟ್ಟಿದೆಯಾ, ನೀರು ತುಂಬಿದೆಯಾ ಅಂತ ನೋಡೋಕೆ ಚಿತ್ರ ಬೇಕು. ಮೊದಲು ಅದೇ ನೆತ್ತಿಯ ಕಿಟಕಿಯಿಂದ ಅಲ್ಟ್ರಾಸೌಂಡ್. ಅದಕ್ಕೆ ವಿಕಿರಣ ಇಲ್ಲ, ಮಗುವನ್ನು ಹಾಸಿಗೆಯಿಂದ ಎತ್ತಬೇಕಿಲ್ಲ. ಎಂ.ಆರ್.ಐ. ಇನ್ನೂ ಚೆನ್ನಾಗಿ ತೋರಿಸುತ್ತದೆ, ಆದರೆ ಮಗು ಬಹಳ ಹೊತ್ತು ಅಲುಗಾಡದೆ ಇರಬೇಕು. ತುರ್ತು ಇತ್ತು, ಸಿ.ಟಿ. ಮಾಡಿದರು. ರಕ್ತಕ್ಕೆ ಅಯೋಡಿನ್ ಇರುವ ಔಷಧ ಕೊಟ್ಟಾಗ ಕೀವಿನ ಸುತ್ತ ಬೆಳ್ಳಗೆ ಉಂಗುರವೊಂದು ಕಂಡಿತು. ಸರ್ಜನ್ ಸೂಜಿ ಎಲ್ಲಿ ಇಳಿಸಬೇಕು ಅಂತ ಹೇಳಿದ್ದು ಆ ಉಂಗುರ. ಮಗು ಈಗ ಮನೆ ತುಂಬ ಓಡಾಡುತ್ತೆ.

1979ರ ವೈದ್ಯಕೀಯ ನೊಬೆಲ್ ಕಾರ್ಮ್ಯಾಕ್ ಮತ್ತು ಹೌನ್ಸ್‌ಫೀಲ್ಡ್‌ಗೆ ಹೋಯಿತು. ನ್ಯಾಯವಾದದ್ದೇ ಅನ್ನಿ. ಆದರೆ ಕೊಲಾಜೆನ್‌ಗಾಗಲೀ ಪ್ಲಾಟ್‌ಗಾಗಲೀ ರಾಮಚಂದ್ರನ್‌ಗೆ ನೊಬೆಲ್ ಬಾರದಿದ್ದದ್ದು ನಮಗೆ ಇವತ್ತಿಗೂ ಬೇಸರ. 1977ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು, 1999ರಲ್ಲಿ ಎವಾಲ್ಡ್ ಪ್ರಶಸ್ತಿ ಬಂತು. ಅದಕ್ಕೆ ಒಂದು ವರ್ಷ ಮುಂಚೆ ಹೆಂಡತಿ ರಾಜಲಕ್ಷ್ಮಿ ತೀರಿಕೊಂಡಿದ್ದರು, ಅವರಿಗೂ ಪಾರ್ಕಿನ್ಸನ್ ಕಾಯಿಲೆ ಹತ್ತಿತ್ತು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ಹೋದರು.

ಮುಂದಿನ ಲ್ಯಾಬ್‌ನಲ್ಲಿ ಫಿಲ್ಟರ್ ಇರೋ ಜಾಗದಲ್ಲಿ ನನ್ ಅಂತ ಕೊಟ್ಟು ಒಮ್ಮೆ ಓಡಿಸಿ ನೋಡಿ. ಅದೇ ತಲೆಬುರುಡೆಯ ಚಿತ್ರ, ಒಳಗಿನ ಸಣ್ಣ ಉಂಗುರಗಳೆಲ್ಲ ಮಂಜಿನಲ್ಲಿ ಕರಗಿಹೋಗಿರುತ್ತವೆ.