ಗಾಳಿಗೆ ಕಡಿವಾಣ ಹಾಕಿದ ಉಪಾಧ್ಯಾಯ

ಗಾಳಿ ಬೀಸಿದಾಗ ಡೈನಮೊ ತಿರುಗಿಸಿ ದೀಪ ಹೊತ್ತಿಸುವುದು ದೊಡ್ಡ ವಿದ್ಯೆಯಲ್ಲ. ಗಾಳಿ ರಭಸದಿಂದ ಬೀಸಿದರೂ, ಪೂರ್ತಿ ನಿಂತುಹೋದರೂ ಆ ದೀಪ ಒಂದೇ ಸಮನೆ ಉರಿಯುವಂತೆ ಮಾಡುವುದೇ ವಿದ್ಯೆ. ದೊಡ್ಡ ವಿದ್ಯುದಾಗಾರದ ತಂತಿ ಮುಟ್ಟದೆ ಒಂಟಿಯಾಗಿರುವ ಊರಿಗೆ ಬೇರೆ ಆಸರೆಯಿಲ್ಲ. ಭೌತಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಈ ಸಮಸ್ಯೆಯನ್ನು ಓದಿದಾಗಲೆಲ್ಲ ನೆನಪಾಗುವ ಮಹನೀಯನೆಂದರೆ ಡೆನ್ಮಾರ್ಕಿನ ಪೌಲ್ ಲಾ ಕೂರ್.

ಅವನು ಹುಟ್ಟಿದ್ದು 1846ರಲ್ಲಿ, ಜಟ್ಲೆಂಡಿನ ಒಂದು ಬೇಸಾಯದ ಮನೆಯಲ್ಲಿ. ಕೋಪನ್‌ಹೇಗನ್ನಿನಲ್ಲಿ ಓದಿ, ಹವಾಮಾನ ಸಂಸ್ಥೆಯಲ್ಲಿ ಉನ್ನತ ಪದವಿಗೇರಿದನು. ಶ್ರುತಿಕವೆಯ ಕಂಪನಕ್ಕೆ ಸರಿಯಾಗಿ, ಹೆಜ್ಜೆ ತಪ್ಪದೆ ತಿರುಗುವ ಚಕ್ರವೊಂದನ್ನು ತಂತಿ ವಾರ್ತೆಗಾಗಿ ರಚಿಸಿ ಕೀರ್ತಿ ಪಡೆದನು. ಆದರೂ 1878ರಲ್ಲಿ ರಾಜಧಾನಿಯನ್ನು ಬಿಟ್ಟು, ಆಸ್ಕೋವ್ ಎಂಬ ಹಳ್ಳಿಯಲ್ಲಿ ರೈತರ ಮಕ್ಕಳಿಗಾಗಿ ನಡೆಯುತ್ತಿದ್ದ ಜನತಾ ವಿದ್ಯಾಲಯಕ್ಕೆ ಉಪಾಧ್ಯಾಯನಾಗಿ ಹೋದನು. ವಿದ್ಯುತ್ತು ಪಟ್ಟಣಗಳ ಸೊತ್ತಾಗಿಬಿಟ್ಟರೆ ಹಳ್ಳಿಗಳು ಬರಿದಾಗುವುವೆಂಬುದು ಅವನ ಕಳವಳವಾಗಿತ್ತು.

1891ರಲ್ಲಿ ಸರ್ಕಾರದ ಧನಸಹಾಯ ಪಡೆದು ಅಲ್ಲಿ ಗಾಳಿಯಂತ್ರವೊಂದನ್ನು ನಿಲ್ಲಿಸಿದನು. ಮೊದಲ ತೊಡಕು ಗಾಳಿಯ ಏರಿಳಿತ. ಇದಕ್ಕಾಗಿ ಅವನು ರಚಿಸಿದ ಉಪಕರಣವೇ ಕ್ರಾಟೊಸ್ಟಾಟ್. ರೆಕ್ಕೆಗಳಿಂದ ಡೈನಮೊಗೆ ಹೋಗುವ ಪಟ್ಟಿಯ ಬಿಗಿತವನ್ನು ಒಂದು ತೂಕವು ನಿಯಂತ್ರಿಸುತ್ತಿತ್ತು. ಗಾಳಿ ಮಿತಿಮೀರಿ ಎಳೆದರೆ ಪಟ್ಟಿ ಜಾರುತ್ತಿತ್ತು, ಡೈನಮೊ ಮಾತ್ರ ಸಮನಾಗಿ ತಿರುಗುತ್ತಿತ್ತು.

ಎರಡನೆಯ ತೊಡಕು ಗಾಳಿಯಿಲ್ಲದ ದಿನಗಳದು. ಗಾಳಿಯ ವಿದ್ಯುತ್ತಿನಿಂದ ನೀರನ್ನು ವಿಭಜಿಸಿ, ಹುಟ್ಟಿದ ಜಲಜನಕವನ್ನು ಶೇಖರಿಸಿ, 1895ರಿಂದ 1902ರವರೆಗೆ ವಿದ್ಯಾಲಯದ ದೀಪಗಳನ್ನು ಅದರಿಂದಲೇ ಉರಿಸಿದನು. ಆದರೆ ಜಲಜನಕದಲ್ಲಿ ಆಮ್ಲಜನಕ ಬೆರೆತು ಆಸ್ಫೋಟವಾಗಿ ಕಿಟಕಿಯ ಗಾಜುಗಳು ಒಡೆದದ್ದೂ ಉಂಟು. ಆ ಅನಿಲದಿಂದ ಇಂಜಿನ್ ನಡೆಸಬೇಕೆಂಬ ಆಸೆಯೂ ಕೈಗೂಡಲಿಲ್ಲ.

ಇಲ್ಲಿಯೇ ಅವನ ದೊಡ್ಡತನವನ್ನು ನಾನು ಕಾಣುತ್ತೇನೆ. ಏಳು ವರ್ಷ ಬೆಳಗಿದ ತನ್ನ ಅನಿಲದ ದೀಪವೆಂಬ ಅಭಿಮಾನಕ್ಕೆ ಅವನು ಅಂಟಿಕೊಳ್ಳಲಿಲ್ಲ. 1902ರಲ್ಲಿ ಆಸ್ಕೋವ್ ಗ್ರಾಮಕ್ಕೆ ವಿದ್ಯುತ್ತು ಕೊಡುವಾಗ ವಿದ್ಯುತ್ಕೋಶಗಳ ಸಾಲನ್ನು ಆಶ್ರಯಿಸಿದನು. ಗಾಳಿ ಬಲವಾಗಿದ್ದರೆ ಡೈನಮೊ ತಾನಾಗಿಯೇ ಕೋಶಗಳಿಗೆ ಸೇರಿಕೊಳ್ಳುವುದು. ಗಾಳಿ ಸೋತರೆ, ಕೋಶಗಳ ವಿದ್ಯುತ್ತು ಹಿಂದಕ್ಕೆ ಹರಿದು ಪೋಲಾಗದಂತೆ ತಾನಾಗಿಯೇ ಕಳಚಿಕೊಳ್ಳುವುದು. ಬಹುದಿನ ಗಾಳಿ ಬಾರದಿದ್ದರೆ ನೆರವಿಗೆ ಎಣ್ಣೆಯ ಇಂಜಿನ್ ಇತ್ತು.

ಯಂತ್ರ ಕೊಟ್ಟರೆ ಸಾಲದು, ಅದನ್ನು ನೋಡಿಕೊಳ್ಳಬಲ್ಲವರೂ ಹಳ್ಳಿಯಲ್ಲಿರಬೇಕೆಂದು 1904ರಲ್ಲಿ ಗ್ರಾಮೀಣ ವಿದ್ಯುತ್ ಕೆಲಸಗಾರರಿಗೆ ಶಿಕ್ಷಣ ತೆರೆದನು. ಅಲ್ಲಿ ಕಲಿತವರಲ್ಲಿ ಯೊಹಾನೆಸ್ ಯೂಲ್ ಒಬ್ಬ. 1957ರಲ್ಲಿ ಗೆಡ್ಸರ್‌ನಲ್ಲಿ 200 ಕಿಲೋವಾಟ್‌ಗಳ ಗಾಳಿಯಂತ್ರವನ್ನು ನಡೆಸಿ ತೋರಿಸಿದವನು ಅವನೇ. ಗುರುವು ಅದನ್ನು ಕಾಣಲಿಲ್ಲ, 1908ರಲ್ಲಿಯೇ ತೀರಿಕೊಂಡಿದ್ದನು.

ಇಂದು ದ್ವೀಪಗಳಲ್ಲಿಯೂ ದೂರದ ಊರುಗಳಲ್ಲಿಯೂ ಗಾಳಿ, ಬಿಸಿಲುಗಳಿಂದ ವಿದ್ಯುತ್ತು ಪಡೆಯುವವರ ಕೈಯಲ್ಲಿ ಬೇರೆ ಉಪಕರಣಗಳಿವೆ. ಆದರೆ ಕೆಲಸಗಳು ಅವೇ: ಏರಿಳಿತವನ್ನು ತಡೆಯುವುದು, ಹೆಚ್ಚಾದುದನ್ನು ಕೂಡಿಡುವುದು, ಸೇರುವ ಮತ್ತು ಕಳಚುವ ಹೊತ್ತನ್ನು ಅರಿಯುವುದು. ಇವುಗಳ ಜೊತೆಗೆ, ಅಲ್ಲಿಯೇ ಇದ್ದು ಯಂತ್ರವನ್ನು ನೋಡಿಕೊಳ್ಳುವ ಒಬ್ಬ ತಿಳಿದ ಮನುಷ್ಯನೂ ಬೇಕು. ಆಸ್ಕೋವಿನ ಉಪಾಧ್ಯಾಯ ಇದನ್ನು ಮರೆಯಲಿಲ್ಲ. ವಿದ್ಯಾರ್ಥಿಗಳಾದ ನಾವೂ ಮರೆಯಬಾರದು.