ಕಬ್ಬಿಣದ ನೇಗಿಲಿನ ಲಕ್ಷ್ಮಣರಾವ್ ಕಿರ್ಲೋಸ್ಕರರ ಚರಿತ್ರೆ

ವಾಡಿ ಎಂಬ ಹೆಸರನ್ನು ಕೇಳಿದೊಡನೆ ಚಿತ್ತಾಪುರ, ಸೇಡಂ, ಶಹಾಬಾದ ಸೀಮೆಗಳಲ್ಲಿರುವ ನಮ್ಮ ವಾಚಕರಿಗೆ ಮುಂಬಯಿ ಮದ್ರಾಸುಗಳ ರೈಲುದಾರಿಯೂ ಹೈದರಾಬಾದಿನ ರೈಲುದಾರಿಯೂ ಕೂಡುವ ತಮ್ಮ ಜಂಕ್ಷನ್ನೇ ನೆನಪಿಗೆ ಬರುವುದು. ಆದರೆ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ, ಅಲ್ಲಿಯೂ ರೈಲುದಾರಿಯ ಮಗ್ಗುಲಲ್ಲೇ, ಇನ್ನೊಂದು ವಾಡಿ ಉಂಟು. ಅದು ಒಬ್ಬ ಮನುಷ್ಯರ ಹೆಸರಿನಿಂದ ಕಿರ್ಲೋಸ್ಕರವಾಡಿ ಎಂದು ಕರೆಯಲ್ಪಡುತ್ತದೆ. ಅವರು ಹುಟ್ಟಿದ್ದು ನಮ್ಮ ಕನ್ನಡನಾಡಿನಲ್ಲಿ. ಅವರ ಕೈಕೆಲಸದಿಂದ ಪ್ರಯೋಜನ ಹೊಂದಿದವರು ನಮ್ಮಂಥ ಎರೆಭೂಮಿಯ ಒಕ್ಕಲಿಗರು. ಆದಕಾರಣ ಅವರ ಚರಿತ್ರೆಯನ್ನು ಇಲ್ಲಿ ಹೇಳಲು ಮನಸ್ಸುಮಾಡಿದ್ದೇವೆ.

ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರರು ೧೮೬೯ನೆಯ ಇಸವಿ ಜೂನ್ ೨೦ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದರು. ಮನೆಮಾತು ಮರಾಠಿ. ತಂದೆಯವರು ವೇದಾಂತ ವಿಚಾರದಲ್ಲಿ ಮುಳುಗಿದವರಾಗಿದ್ದರು. ಮಗನಿಗಾದರೋ ಚಿತ್ರ ಬರೆಯುವದರಲ್ಲಿಯೂ ಯಂತ್ರಗಳನ್ನು ಬಿಚ್ಚಿ ಜೋಡಿಸುವದರಲ್ಲಿಯೂ ಆಶೆ. ಶಾಲೆಯ ಪಾಠ ರುಚಿಸಲಿಲ್ಲ. ತಂದೆಗೆ ಮನಸ್ಸಿಲ್ಲದಿದ್ದರೂ ಅವರು ೧೮೮೫ರಲ್ಲಿ ಮುಂಬಯಿಗೆ ಹೋಗಿ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಅಲ್ಲಿ ಎರಡು ವರ್ಷ ಕಳೆಯುವಷ್ಟರಲ್ಲಿ ಅವರ ಕಣ್ಣುಗಳಿಗೆ ಕೆಲವು ಬಣ್ಣಗಳ ಭೇದ ತಿಳಿಯದೆಂಬದು ಗೊತ್ತಾಯಿತು. ಬಣ್ಣವನ್ನರಿಯದವನು ಚಿತ್ರಗಾರನಾಗುವದು ಹೇಗೆ? ಕುಂಚವನ್ನು ಬಿಟ್ಟು, ಬಣ್ಣ ಬೇಕಾಗದ ಯಂತ್ರಚಿತ್ರವನ್ನು ಕಲಿತು, ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಶಾಲೆಯಲ್ಲಿ ಅದನ್ನೇ ಕಲಿಸುವ ಉಪಾಧ್ಯಾಯರಾದರು.

೧೮೮೮ರಲ್ಲಿ ಅಣ್ಣ ರಾಮಚಂದ್ರರಾಯರ ಸಂಗಡ ಕೂಡಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯನ್ನು ಇಟ್ಟರು. ಲಕ್ಷ್ಮಣರಾಯರು ಮುಂಬಯಿಯಲ್ಲಿ ಸೈಕಲುಗಳನ್ನು ಕೊಂಡು ಕಳುಹಿಸುವದು, ಅಣ್ಣನು ಅವನ್ನು ಮಾರಿ ಜನರಿಗೆ ಹತ್ತಲು ಕಲಿಸುವದು, ಹೀಗೆ ವ್ಯಾಪಾರವು ನಡೆಯಿತು. ಕೆಲವು ವರ್ಷಗಳ ಮೇಲೆ ಶಾಲೆಯಲ್ಲಿ ತಮಗೆ ಸಲ್ಲಬೇಕಾದ ಬಡತಿಯು ಇನ್ನೊಬ್ಬನಿಗೆ ಹೋದಾಗ ಲಕ್ಷ್ಮಣರಾಯರು ಕೆಲಸವನ್ನು ಬಿಟ್ಟು ಬೆಳಗಾವಿಗೆ ಬಂದುಬಿಟ್ಟರು. ಆ ಬಡತಿಯು ಸಿಕ್ಕಿದ್ದರೆ ಅವರು ಮುಂಬಯಿಯಲ್ಲೇ ಮುದುಕರಾಗುತ್ತಿದ್ದರೋ ಏನೋ.

ಬೆಳಗಾವಿಯಲ್ಲಿ ಅವರ ದೃಷ್ಟಿಯು ಹೊಲದ ಕಡೆಗೆ ತಿರುಗಿತು. ದನಗಳಿಗೆ ಮೇವು ಕತ್ತರಿಸುವ ಯಂತ್ರವನ್ನು ಮೊದಲು ಮಾಡಿದರು. ತರುವಾಯ ೧೯೦೩ರಲ್ಲಿ ಕಬ್ಬಿಣದ ನೇಗಿಲನ್ನು ಮಾಡಿದರು. ಅಂಥ ನೇಗಿಲುಗಳು ಆ ಕಾಲದಲ್ಲಿ ಸಮುದ್ರದಾಚೆಯಿಂದ ಬರುತ್ತಿದ್ದವು.

ಎರೆಹೊಲದಲ್ಲಿ ದುಡಿದವರಿಗೆ ಇದರ ಹಿರಿಮೆಯನ್ನು ವಿವರಿಸಬೇಕಾದದ್ದಿಲ್ಲವಾದರೂ ಎಳೆಯರಿಗೋಸ್ಕರ ಸ್ವಲ್ಪ ಹೇಳುವೆವು. ಮರದ ನೇಗಿಲು ನೆಲವನ್ನು ಸೀಳುತ್ತದೆ, ಮಗುಚುವದಿಲ್ಲ. ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಡುವೆ ಮುಟ್ಟದ ಮಣ್ಣು ಉಳಿಯುತ್ತದೆ. ಅದರಲ್ಲಿ ಕರಿಕೆಯ ಬೇರು ಸುಖವಾಗಿ ಹಬ್ಬುವದು. ಕುಂಟೆ ಹೊಡೆದರೆ ಮೇಲಣ ಎಲೆ ಹೋದೀತೇ ಹೊರತು ಬೇರು ಹೋಗದು. ಹೀಗೆ ಕೆಲವು ವರ್ಷ ಬಿಟ್ಟರೆ ಜೋಳ ಬಿತ್ತಿದ ಹೊಲದಲ್ಲಿ ಕರಿಕೆಯೇ ಸುಗ್ಗಿ ಮಾಡುವದು. ಒಕ್ಕಲಿಗನು ಸಾಹುಕಾರನ ಬಾಗಿಲಿಗೆ ಹೋಗುವನು. ಕಬ್ಬಿಣದ ನೇಗಿಲಿಗಾದರೋ ಕುಳದ ಹಿಂದೆ ಓರೆಯಾದ ಒಂದು ರೆಕ್ಕೆ ಉಂಟು. ಕುಳವು ಮಣ್ಣನ್ನು ಆಳದಲ್ಲಿ ಕೊಯ್ಯುತ್ತದೆ, ರೆಕ್ಕೆಯು ಆ ಹೆಂಟೆಯನ್ನು ಎತ್ತಿ ಮಗುಚಿಹಾಕುತ್ತದೆ. ರಾಶಿಯಾದ ಮೇಲೆ ಬೇಸಿಗೆಯ ಮುಂಚೆ ಹೀಗೆ ಉತ್ತರೆ ಮೇಲೆ ಬಿದ್ದ ಬೇರುಗಳು ಬಿಸಿಲಿಗೆ ಒಣಗಿ ಸಾಯುವವು. ಮುಂಗಾರಿನ ಮಳೆಯನ್ನು ನೆಲವು ಹೆಚ್ಚಾಗಿ ಕುಡಿಯುವದು.

ಇಂಥ ಪ್ರಯೋಜನವುಳ್ಳ ವಸ್ತುವು ಕೂಡಲೆ ಮಾರಿತೋ? ಇಲ್ಲ. ಮೊದಲನೆಯ ನೇಗಿಲು ಮಾರುವದಕ್ಕೆ ಎರಡು ವರ್ಷ ಹಿಡಿಯಿತು. ಕಬ್ಬಿಣವು ಭೂಮಿಗೆ ವಿಷವಿಡುತ್ತದೆಂದು ಜನರು ಹೆದರಿದರು. ಈ ಸಂಗತಿಯನ್ನು ಹೇಳುವವರು ಒಕ್ಕಲಿಗನ ಅಜ್ಞಾನಕ್ಕೆ ನಗುವದುಂಟು. ನಮಗೆ ನಗೆ ಬರುವದಿಲ್ಲ. ಮರದ ನೇಗಿಲಿಗೂ ತುದಿಯಲ್ಲಿ ಕಬ್ಬಿಣದ ಕುಳವೇ ಇರುತ್ತಿತ್ತಷ್ಟೆ. ಆ ಕಬ್ಬಿಣಕ್ಕೆ ತಲೆತಲಾಂತರದಿಂದ ಯಾರೂ ಹೆದರಿರಲಿಲ್ಲ. ಆದದರಿಂದ ಭಯದ ಬೇರು ಬೇರೆ ಕಡೆಯಲ್ಲಿತ್ತೆಂದು ನಮಗೆ ತೋರುತ್ತದೆ. ಮರದ ನೇಗಿಲು ಮುರಿದರೆ ಊರ ಬಡಿಗನೂ ಕಂಬಾರನೂ ಸುಗ್ಗಿಯ ಆಯದ ಕಾಳಿಗಾಗಿ ಸರಿಮಾಡಿ ಕೊಡುವರು. ಕಬ್ಬಿಣದ್ದು ಮುರಿದರೆ ಯಾರನ್ನು ಕೇಳಬೇಕು? ಅದಕ್ಕೆ ರೊಕ್ಕವನ್ನೇ ಎಣಿಸಿಕೊಡಬೇಕು. ರೊಕ್ಕವು ಸಾಲದಿಂದಲೇ ಬರಬೇಕು. ಒಂದು ವರ್ಷದ ಬೆಳೆ ತಪ್ಪಿದರೆ ಹೊಲವನ್ನೇ ಕಳೆದುಕೊಳ್ಳುವವನು ಹೊಸದನ್ನು ಸಂದೇಹದಿಂದ ನೋಡುವದು ಮೂಢತನವಲ್ಲ. ಲಕ್ಷ್ಮಣರಾಯರ ದೊಡ್ಡತನವೇನಂದರೆ ಅವರು ಒಕ್ಕಲಿಗನ ಮೇಲೆ ಬೇಸರಗೊಳ್ಳದೆ ನೇಗಿಲನ್ನು ಮಾಡುತ್ತಲೇ ಹೋದರು. ಕೊಂಡವರು ಕಡಿಮೆ, ಕೈಯಲ್ಲಿ ಬಂಡವಾಳ ಕಡಿಮೆ, ಆದರೂ ನಿಲ್ಲಿಸಲಿಲ್ಲ.

ಸ್ವಲ್ಪ ಬೇಡಿಕೆ ಹುಟ್ಟುವಷ್ಟರಲ್ಲಿ ಇನ್ನೊಂದು ಕಷ್ಟ. ಬೆಳಗಾವಿಯ ಹೊರಗೆ ಅವರ ಕಾರ್ಖಾನೆಯಿದ್ದ ಸ್ಥಳವು ಹೊಸ ಬಡಾವಣೆಗೆ ಬೇಕೆಂದು ಪುರಸಭೆಯು ಅದನ್ನು ತೆರವು ಮಾಡಲು ಆಜ್ಞಾಪಿಸಿತು. ಆಗ ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತಪ್ರತಿನಿಧಿಯವರು ಹತ್ತು ಸಾವಿರ ರೂಪಾಯಿ ಸಾಲವನ್ನೂ ಕುಂಡಲ ರೋಡ್ ಎಂಬ ರೈಲು ಠಾಣೆಯ ಬಳಿಯಲ್ಲಿ ೩೨ ಎಕರೆ ನೆಲವನ್ನೂ ಕೊಟ್ಟರು. ನೆಲವೇನೋ ದೊರೆಯಿತು, ಅದು ಪಾಪಾಸುಕಳ್ಳಿಯೂ ನಾಗರಹಾವುಗಳೂ ತುಂಬಿದ ಬಂಜರಾಗಿತ್ತು. ೧೯೧೦ರ ಮಾರ್ಚ್ ೧೦ರಂದು ಲಕ್ಷ್ಮಣರಾಯರು ಕೆಲವು ಕೆಲಸಗಾರರ ಕುಟುಂಬಗಳ ಸಂಗಡ ಅಲ್ಲಿಗೆ ಬಂದಿಳಿದು ಕಳ್ಳಿಯನ್ನು ಕಡಿದು ಗುಡಿಸಲು ಹಾಕಿದರು. ಕಿರ್ಲೋಸ್ಕರವಾಡಿಯು ಹುಟ್ಟಿದ್ದು ಹೀಗೆ. ಕಾಲಾಂತರದಲ್ಲಿ ರೈಲು ಠಾಣೆಗೂ ಅದೇ ಹೆಸರಾಯಿತು.

ಅಲ್ಲಿ ನಡೆದ ಒಂದು ಕಾರ್ಯವನ್ನು ನಾವು ವಿಶೇಷವಾಗಿ ಹೇಳಬೇಕಾಗಿದೆ, ಯಾಕಂದರೆ ನಮ್ಮ ವಾಚಕರಲ್ಲಿ ಅನೇಕರ ಹಿರಿಯರು ಊರ ಹೊರಗಣ ಕೇರಿಯವರು. ಹೊಲವನ್ನು ಉತ್ತವರೇ ಹೊರತು ಹೊಲವುಳ್ಳವರಲ್ಲ. ಲಕ್ಷ್ಮಣರಾಯರು ಬ್ರಾಹ್ಮಣ ಕುಲದವರು. ಆದರೂ ತಮ್ಮ ವಾಡಿಯಲ್ಲಿ ಮುಟ್ಟುಚಿಟ್ಟನ್ನು ನಡೆಯಗೊಡಲಿಲ್ಲ. ಅಷ್ಟೇ ಅಲ್ಲ, ಸೆರೆಮನೆಯಿಂದ ಬಿಡುಗಡೆಯಾಗಿ ಬಂದವರಿಗೂ ಕೆಲಸ ಕೊಟ್ಟು, ರಾತ್ರಿಯ ಕಾವಲನ್ನು ಅವರ ಕೈಗೇ ಒಪ್ಪಿಸಿದರು. ಇಂಥವರಿಗೆ ಕೀಲಿಕೈ ಕೊಡುವದು ಭಾಷಣ ಮಾಡಿದಷ್ಟು ಸುಲಭವಲ್ಲ.

೧೯೧೪ರಲ್ಲಿ ಐರೋಪ್ಯ ಯುದ್ಧವು ಆರಂಭವಾಗಲು ಪರದೇಶದ ನೇಗಿಲುಗಳು ಬರುವದು ನಿಂತು ಇವರ ನೇಗಿಲಿಗೆ ಬೇಡಿಕೆ ಏರಿತು. ಆದರೆ ಎರಕ ಹೊಯ್ಯುವ ಕಬ್ಬಿಣವೂ ದುರ್ಲಭವಾಯಿತು. ಆಗ ಕೊಲ್ಹಾಪುರದ ಶಾಹು ಮಹಾರಾಜರು ಕೋಟೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಹಳೆಯ ತೋಪುಗಳನ್ನು ಕೊಡಿಸಿದರು. ತೋಪುಗಳು ಕುಲುಮೆಯಲ್ಲಿ ಕರಗಿ ನೇಗಿಲುಗಳಾದವು. ಪ್ರವಾದಿಯಾದ ಯೆಶಾಯನ ಗ್ರಂಥವನ್ನು ಬಲ್ಲ ನಮ್ಮ ವಾಚಕರಿಗೆ ಈ ಸಂಗತಿಯ ವಿಷಯವಾಗಿ ಹೆಚ್ಚು ಹೇಳಬೇಕಾದದ್ದಿಲ್ಲ.

ಒಂದು ಕುಂದನ್ನೂ ಮರೆಮಾಡಲಾರೆವು. ದೊಡ್ಡ ಕಬ್ಬಿಣದ ನೇಗಿಲನ್ನು ಗಟ್ಟಿ ಎರೆಯಲ್ಲಿ ಎಳೆಯಲು ಒಂದು ಜೋಡಿ ಎತ್ತು ಸಾಲದು; ಎರಡು ಜೋಡಿ, ಕೆಲವೆಡೆ ನಾಲ್ಕು ಜೋಡಿ ಬೇಕು. ಹೀಗಿರಲಾಗಿ ಎರಡೇ ಎತ್ತುಳ್ಳ ಬಡವನಿಗೆ ಅದು ತಾನಾಗಿ ದಕ್ಕುವಂಥದಲ್ಲ. ನೆರೆಹೊರೆಯವರು ಮುಯ್ಯಿ ಮಾಡಿಕೊಂಡು ಎತ್ತುಗಳನ್ನು ಕೂಡಿಸಿದಲ್ಲಿ ಬಡವನ ಹೊಲವೂ ಹಸನಾಯಿತು. ಕೂಡಿಸದಿದ್ದಲ್ಲಿ ಉಳ್ಳವನ ಹೊಲ ಮಾತ್ರ ಹಸನಾಯಿತು. ಈಗ ಟ್ರ್ಯಾಕ್ಟರಿನ ಕಾಲ ಬಂದಿದ್ದರೂ ಬಾಡಿಗೆ ಕೊಡಲಾರದವನಿಗೆ ಇದೇ ಪ್ರಶ್ನೆ ಇದೆ.

ಮುಂದೆ ಕಬ್ಬಿನ ಗಾಣ, ನೀರೆತ್ತುವ ಪಂಪು, ಶೇಂಗಾ ಸುಲಿಯುವ ಯಂತ್ರ ಮೊದಲಾದವು ಅಲ್ಲಿಂದ ಹೊರಟವು. ೧೯೨೦ರಲ್ಲಿ ಮರಾಠಿಯಲ್ಲಿ ಒಂದು ಮಾಸಪತ್ರಿಕೆಯೂ ಹುಟ್ಟಿತು. ಅದು ಆ ಭಾಷೆಯಲ್ಲಿ ಬಹುಕಾಲ ಪ್ರಸಿದ್ಧವಾಗಿತ್ತು. ಕನ್ನಡನಾಡಿನ ಸಂಬಂಧವೂ ಹರಿದುಹೋಗಲಿಲ್ಲ: ೧೯೪೧ರಲ್ಲಿ ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಎಂಬ ಯಂತ್ರಗಳ ಕಾರ್ಖಾನೆಯು ಸ್ಥಾಪಿತವಾಗಿ ಅನೇಕ ಸಾವಿರ ಮನೆಗಳಿಗೆ ಅನ್ನ ಕೊಟ್ಟಿತು. ಆ ಕಾರ್ಖಾನೆ ಈಗ ಮುಚ್ಚಿದೆ. ಸಾಂಗ್ಲಿ ಜಿಲ್ಲೆಯ ವಾಡಿಯಲ್ಲಿ ಪಂಪುಗಳ ಕೆಲಸವು ನಡೆಯುತ್ತಿದೆ.

ಲಕ್ಷ್ಮಣರಾಯರು ೧೯೫೬ನೆಯ ಇಸವಿ ಸಪ್ಟೆಂಬರ್ ೨೬ರಂದು, ತಮ್ಮ ೮೭ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಅವರು ಹುಟ್ಟಿ ೧೦೦ ವರ್ಷವಾದಾಗ, ೧೯೬೯ರಲ್ಲಿ, ಅಂಚೆ ಇಲಾಖೆಯವರು ಅವರ ಹೆಸರಿನಲ್ಲಿ ಒಂದು ಅಂಚೆಚೀಟಿಯನ್ನು ಹೊರಡಿಸಿದರು.