ಕಬ್ಬಿಣದ ನೇಗಿಲಿನ ಲಕ್ಷ್ಮಣರಾವ್ ಕಿರ್ಲೋಸ್ಕರ್

ಹಿಪ್ಪರಗಿ ಬ್ಯಾರೇಜ್ ಆಸುಪಾಸಿನ ಕಬ್ಬಿನ ಹೊಲಗಳಲ್ಲಿ ಇಂದು ಉಳುಮೆಯೆಂದರೆ ಟ್ರ್ಯಾಕ್ಟರ್. ಜಮಖಂಡಿ, ಮುಧೋಳ ಸೀಮೆಯ ಇಂಥ ಎರೆಭೂಮಿಯಲ್ಲಿ ಕರಿಕೆಯ ಬೇರನ್ನು ಕೀಳಲು ಕಟ್ಟಿಗೆಯ ರಂಟೆಗೆ ಶಕ್ತಿ ಸಾಲದು. ಬಲವಾದ ಕಬ್ಬಿಣದ ನೇಗಿಲು ಬೇಕೆಂದರೆ ಶತಮಾನದ ಹಿಂದೆ ಅದು ಇಂಗ್ಲೆಂಡಿನಿಂದ ಹಡಗಿನಲ್ಲಿಯೇ ಬರಬೇಕಿತ್ತು. ಕುಳ ಸವೆದರೂ ಮುರಿದರೂ ಅದೇ ದಾರಿ ಕಾಯಬೇಕು. ಈ ಪರಾವಲಂಬನೆಯನ್ನು ಮುರಿಯಲು ಹೊರಟವರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್.

1869ರ ಜೂನ್ 20ರಂದು ಜನಿಸಿದ ಅವರು ಚಿತ್ರಕಲೆ ಕಲಿಯಲು ಮುಂಬೈಯ ಜೆ.ಜೆ. ಕಲಾಶಾಲೆ ಸೇರಿದರು. ಬಣ್ಣಗಳನ್ನು ಸರಿಯಾಗಿ ಗುರುತಿಸಲಾರದ ದೃಷ್ಟಿದೋಷ ಅಡ್ಡಬಂದಿದ್ದರಿಂದ ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತು, ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಅವರಿಗೆ ಸಿಗಬೇಕಿದ್ದ ಬಡ್ತಿ ಆಂಗ್ಲೋ-ಇಂಡಿಯನ್ ಒಬ್ಬರ ಪಾಲಾದಾಗ ನೌಕರಿ ಬಿಟ್ಟು ಬೆಳಗಾವಿಗೆ ಮರಳಿದರು.

ಅಣ್ಣ ರಾಮಚಂದ್ರರಾಯರ ಜೊತೆಗೂಡಿ ನಡೆಸಿದ ಮೊದಲ ವ್ಯಾಪಾರ ಸೈಕಲ್ಲಿನದು. ಮಾಲು ವಿದೇಶದ್ದು, ಇವರದು ಮಾರಾಟ ಮತ್ತು ದುರಸ್ತಿ ಮಾತ್ರ. ಲಾಭವಿದ್ದರೂ ಅದು ಬೇರೆಯವರ ಕೈಚಳಕದ ಮೇಲೆ ನಿಂತ ಅಂಗಡಿ. ಲಕ್ಷ್ಮಣರಾಯರು ಅಲ್ಲಿಗೇ ನಿಲ್ಲದೆ ಮೇವು ಕತ್ತರಿಸುವ ಯಂತ್ರ, ಅನಂತರ ಕಬ್ಬಿಣದ ನೇಗಿಲು ತಯಾರಿಸಿದರು.

ಆದರೆ ಕೊಳ್ಳುವವರಿಲ್ಲ! ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂಬ ನಂಬಿಕೆ ರೈತರಲ್ಲಿತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಆಮದು ಮಾಲನ್ನು ಸೋಲಿಸುವುದಕ್ಕಿಂತ ನಮ್ಮವರ ಅಂಜಿಕೆ ನೀಗುವುದೇ ಕಠಿಣವಾಗಿತ್ತು ಎನ್ನಬೇಕು. ವಹಿವಾಟು ಕುದುರುವಷ್ಟರಲ್ಲಿ ಬೆಳಗಾವಿ ಪುರಸಭೆ ಕಾರ್ಖಾನೆಯ ಜಾಗ ಖಾಲಿ ಮಾಡುವಂತೆ ಆದೇಶಿಸಿತು.

ನೆರವಿಗೆ ಬಂದದ್ದು ಔಂಧ ಸಂಸ್ಥಾನ. ಅಲ್ಲಿನ ಅರಸರು ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಭೂಮಿ ಮತ್ತು ಸಾಲ ನೀಡಿದರು. ಪಾಪಾಸುಕಳ್ಳಿ, ನಾಗರಹಾವುಗಳ ಆ ಬರಡು ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಕೃಷ್ಣಾ ಕೊಳ್ಳದ ಆ ಊರು ಇಂದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ. ಮೆಟ್ರಿಕ್ ದಾಟದ ಶಂಭುರಾವ್ ಜಾಂಭೇಕರ್, ಶಾಲೆ ಬಿಟ್ಟ ಅನಂತರಾವ್ ಫಳಣೀಕರ್ ಅಲ್ಲಿ ಎಂಜಿನಿಯರುಗಳಾದರು. ಶಿಕ್ಷೆ ಅನುಭವಿಸಿ ಬಂದವರಿಗೂ ಕಾವಲಿನ ಕೆಲಸ ದೊರೆಯಿತು. ಪದವಿಗಿಂತ ಕೈಗುಣ ನೋಡುವ ಕಣ್ಣು ಅವರದು.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ವಿದೇಶಿ ನೇಗಿಲುಗಳ ಬರವು ಕುಗ್ಗಿ ದೇಶಿ ಮಾಲಿಗೆ ಬೇಡಿಕೆ ಏರಿತು. ಅದೇ ಯುದ್ಧದಿಂದ ಕಬ್ಬಿಣ, ಕಲ್ಲಿದ್ದಲು, ಬಣ್ಣಗಳೂ ದುರ್ಲಭವಾದವು. ನೇಗಿಲು ಸ್ವದೇಶಿ ನಿಜ. ಅದನ್ನು ಮಾಡುವ ಸಾಮಗ್ರಿ ಹಾಗಿರಲಿಲ್ಲ. ಒಂದು ಸರಪಳಿ ಕಡಿದರೆ ಅದರ ಹಿಂದೆ ಇನ್ನೊಂದು ಕಾಣಿಸುತ್ತಿತ್ತು.

ಆ ಸರಪಳಿಯ ಕೊನೆಯ ಕೊಂಡಿ ಯಂತ್ರ ತಯಾರಿಸುವ ಯಂತ್ರ. ಲೇಥ್ ಹೊರಗಿನಿಂದ ಬರುವತನಕ ಯಾವ ಕಾರ್ಖಾನೆಯೂ ಪೂರ್ತಿ ಸ್ವತಂತ್ರವಲ್ಲ. ಎರಡನೆಯ ಮಹಾಯುದ್ಧದಲ್ಲಿ ಆಮದು ಮತ್ತೆ ಕಷ್ಟವಾದಾಗ, 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಗಿ ಲೇಥ್ ತಯಾರಿಕೆಗೆ ಕೈಹಾಕಿತು. ತುಂಗಭದ್ರಾ ದಂಡೆಯ ಊರೊಂದರ ಹೆಸರು ದೇಶದ ಯಂತ್ರಶಾಲೆಗಳಿಗೆ ಪರಿಚಿತವಾಯಿತು.

ಅಷ್ಟರಲ್ಲಿ ಹೊಣೆ ಮುಂದಿನ ತಲೆಮಾರಿಗೆ ದಾಟುತ್ತಿತ್ತು. ಅಮೆರಿಕದ ಎಂ.ಐ.ಟಿ.ಯಲ್ಲಿ ಕಲಿತ ಮಗ ಶಂತನುರಾಯರ ಕಾಲದಲ್ಲಿ, 1946ರಲ್ಲಿ, ಪುಣೆಯಲ್ಲಿ ಡೀಸೆಲ್ ಎಂಜಿನ್ ಹಾಗೂ ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರ್ ಕಂಪನಿಗಳು ಆರಂಭವಾದವು. ವಿದೇಶಿ ತಂತ್ರಜ್ಞಾನದ ಸಂಪೂರ್ಣ ಬಹಿಷ್ಕಾರ ಈ ಮನೆತನದ ಹಟವಾಗಿರಲಿಲ್ಲ. ಕಲಿತದ್ದನ್ನು ಇಲ್ಲಿಯೇ ಎರಕ ಹೊಯ್ಯಬೇಕೆಂಬುದು ಹಟವಾಗಿತ್ತು. ಇಂದಿನ ಮೊಬೈಲ್ ಕಂಪನಿಗಳು ವಿನ್ಯಾಸವನ್ನು ತಮ್ಮಲ್ಲಿಟ್ಟುಕೊಂಡು ತಯಾರಿಕೆಯನ್ನು ಸಾಗರದಾಚೆಗೆ ಕಳಿಸುವ ರೀತಿಗೆ ಇದು ನೇರ ತಿರುಗುಮುರುಗು.

ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಜನ್ಮಶತಾಬ್ದಿಯ 1969ರಲ್ಲಿ ಅಂಚೆ ಇಲಾಖೆ ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು. ಬೆಳಗಾವಿಯಲ್ಲಿ ಕಿರ್ಲೋಸ್ಕರ್ ರಸ್ತೆ ಇಂದಿಗೂ ಇದೆ. ಹರಿಹರದ ಲೇಥ್ ಕಾರ್ಖಾನೆ ಮಾತ್ರ ಹೊಸ ಶತಮಾನದ ಆರಂಭದಲ್ಲೇ ಬಾಗಿಲು ಮುಚ್ಚಿತು.